ಮುಚ್ಚಿದ್ದು ನಂಬರ್ ಮಾತ್ರ

ನನ್ನ ಗಂಡನಿಗೆ ಮುಚ್ಚುವ ಕೆಲಸ ಚೆನ್ನಾಗಿ ಬರುತ್ತದೆ. ಹಾಗೆಂದ ತಕ್ಷಣ ನೀವು ಬೇರೆ ಏನೇನೋ ಅಂದುಕೊಳ್ಳಬೇಡಿ. ಅವರು ಫೋಟೊಗ್ರಾಫರ್. ಮೊಡವೆ, ಬಿಳಿಕೂದಲು, ಕಣ್ಣ ಕೆಳಗಿನ ಕಪ್ಪು, ಅಂಗಿಯ ಮೇಲೆ ಚೆಲ್ಲಿದ ಚಹಾ, ಎಲ್ಲವನ್ನೂ ಕಂಪ್ಯೂಟರ್ ಮುಂದೆ ಕೂತು ಇತ್ತೆಂಬ ಸುಳಿವೂ ಸಿಗದ ಹಾಗೆ ಮಾಯ ಮಾಡುತ್ತಾರೆ. ಮುಂದೆ ಅಂಗಡಿ, ನಡುವೆ ಫೋಟೊ ತೆಗೆಯುವ ಕೋಣೆ, ಅಲ್ಲಿನ ಬಿಳಿ ಪರದೆ ಸರಿಸಿದರೆ ನಮ್ಮ ಅಡುಗೆಮನೆ. ನಾನು ಒಳಗೆ ಏನಾದರೂ ಹುರಿಯುತ್ತಿದ್ದರೆ ಘಾಟಿಗೆ ಕೆಮ್ಮುತ್ತಲೇ ಜನ ಗುರುತಿನ ಕಾರ್ಡಿಗೆ ಫೋಟೊ ತೆಗೆಸಿಕೊಂಡಿದ್ದಾರೆ. ಕಾರ್ಡಿನಲ್ಲಿ ಕಣ್ಣು ಕೆಂಪಗಾದವರು ಈ ಊರಿನಲ್ಲಿ ಯಾರಾದರೂ ಕಂಡರೆ ಅದು ನನ್ನ ಕೃಪೆ.

ಒಂದು ಕಾಲಕ್ಕೆ ಈ ಬೀದಿಯಲ್ಲೆಲ್ಲ ಒಂದೇ ಮಾತಾಗಿತ್ತು. ಯಾರದೋ ಕಾರ್ಡಿನ ನಂಬರ್ ಕದ್ದು ಇನ್ಯಾರೋ ಸಿಮ್ ತೆಗೆದುಕೊಂಡರಂತೆ, ಯಾರದೋ ಹೆಸರಿನಲ್ಲಿ ಯಾರೋ ಕಾರು ಓಡಿಸುತ್ತಿದ್ದಾರಂತೆ. ನಮ್ಮವರು ಅದನ್ನು ತಲೆಗೆ ಹಚ್ಚಿಕೊಂಡರು. ಜೆರಾಕ್ಸ್ ತೆಗೆಸಲು ಬಂದವರನ್ನು ‘ಯಾತಕ್ಕೆ ಬೇಕು?’ ಎಂದು ಕೇಳುವುದು, ನಂಬರಿನ ಮೇಲೆ ದಪ್ಪ ಬಿಳಿ ಕಾಗದದ ಪಟ್ಟಿ ಇಟ್ಟು ಪ್ರತಿ ತೆಗೆಯುವುದು, ಪ್ರತಿಯ ಮೇಲೆ ಓರೆಯಾಗಿ ‘ಬಾಡಿಗೆ ಮನೆಗೆ ಮಾತ್ರ’ ಎಂದೋ ‘ಫೋನ್ ಸಂಪರ್ಕಕ್ಕೆ ಮಾತ್ರ’ ಎಂದೋ ಬರೆದು ತಾರೀಕು ಹಾಕುವುದು. ಎರಡು ನಿಮಿಷದ ಕೆಲಸಕ್ಕೆ ಇಪ್ಪತ್ತು ನಿಮಿಷದ ಉಪನ್ಯಾಸ. ಬಂದವರು ನಂಬರ್ ಉಳಿಸಿಕೊಂಡು ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು.

ಒಂದು ದಿನ ಮನೆ ದಲ್ಲಾಳಿಯೊಬ್ಬ ಬಂದ. ತನ್ನ ಕಾರ್ಡಿನ ಪ್ರತಿಯಲ್ಲಿ ನಂಬರಿನ ಮೇಲೆ ತಾನೇ ಕಪ್ಪು ಮಾರ್ಕರ್ ಪೆನ್ನು ಬಳಿದುಕೊಂಡು ಬಂದಿದ್ದ.

“ನಿಮ್ಮ ಪಟ್ಟಿಗಿಟ್ಟಿ ಏನೂ ಬೇಡ ಸಾರ್. ನಾನೇ ಮುಚ್ಚಿದ್ದೀನಿ ನೋಡಿ,” ಅಂದ.

ಇವರು ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿಕೊಂಡು ಚಿತ್ರದ ಬೆಳಕು ಏರಿಸಿದರು. ಕಪ್ಪು ಬೂದಿಬಣ್ಣಕ್ಕೆ ತಿರುಗಿತು, ಬೂದಿಯೊಳಗಿಂದ ಅಂಕಿಗಳು ಒಂದೊಂದೇ ಎದ್ದುಬಂದವು. ಇವರು ಮಗ್ಗಿ ಒಪ್ಪಿಸುವವರ ಹಾಗೆ ಅವನ್ನು ಗಟ್ಟಿಯಾಗಿ ಓದಿದರು. ದಲ್ಲಾಳಿ ಬಿಟ್ಟ ಬಾಯಿ ಮುಚ್ಚಲಿಲ್ಲ.

“ಇಂಕು ಬಳಿದ್ರೆ ಮುಚ್ಚಿದ ಹಾಗಲ್ಲಪ್ಪ. ನಮ್ಮ ಕಣ್ಣಿಗೆ ಕಾಣಲ್ಲ ಅಷ್ಟೆ, ಮೆಷಿನ್ನಿಗೆ ಕಾಣತ್ತೆ. ದಪ್ಪ ಕಾಗದ ಇಡಬೇಕು,” ಅಂದರು.

ಆವತ್ತೆಲ್ಲ ಅವರ ಕಾಲು ನೆಲದ ಮೇಲಿರಲಿಲ್ಲ. ಊಟಕ್ಕೆ ಕೂತಾಗಲೂ ದಲ್ಲಾಳಿಯ ಮುಖ ಹೇಗಾಯಿತೆಂದು ನಟಿಸಿ ತೋರಿಸಿದರು. ನಾನೂ ನಕ್ಕೆ.

ಈಗ ಗುಬ್ಬಿಯ ವಿಷಯ ಹೇಳಬೇಕು. ಗುಬ್ಬಿ ಇವರ ತಂಗಿ, ನನ್ನ ನಾದಿನಿ. ನಾನು ಈ ಮನೆಗೆ ಬಂದಾಗ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಸಣ್ಣ ಕಾಲಿನಲ್ಲಿ ಪುಟಪುಟ ಓಡಾಡುತ್ತಿದ್ದಳೆಂದು ಅವಳಿಗೆ ಗುಬ್ಬಿ ಎಂದು ಹೆಸರಿಟ್ಟವರು ಇವರೇ. ಅತ್ತೆ ಮಾವ ತೀರಿಕೊಂಡಿದ್ದರಿಂದ ಅವಳ ಜಡೆ ಹೆಣೆದದ್ದು ನಾನು, ಪಾಠ ಹೇಳಿಕೊಟ್ಟದ್ದು ಇವರು, ಮದುವೆ ಮಾಡಿಕೊಟ್ಟದ್ದು ನಾವಿಬ್ಬರೂ ಸೇರಿ. ಹುಡುಗ ಮೆತ್ತಗೆ ಮಾತಾಡುತ್ತಾನೆ, ದೊಡ್ಡವರೆದುರು ತಲೆ ಎತ್ತುವುದಿಲ್ಲ, ಇನ್ನೇನು ಬೇಕು ಅಂದುಕೊಂಡೆವು. ತಲೆ ಎತ್ತದವನು ಮನೆಯೊಳಗೆ ಕೈ ಎತ್ತುತ್ತಾನೆಂದು ಯಾರಿಗೆ ಗೊತ್ತಿತ್ತು?

ಗೊತ್ತಿರಲಿಲ್ಲ ಅಂದರೆ ಅದೂ ಪೂರ್ತಿ ನಿಜವಲ್ಲ. ಮದುವೆಯಾದ ಮಾರನೆಯ ವರ್ಷ ಇಬ್ಬರೂ ಬಂದು ಜೋಡಿ ಫೋಟೊ ತೆಗೆಸಿಕೊಂಡರು. ಗುಬ್ಬಿಯ ಎಡಗಣ್ಣಿನ ಕೆಳಗೆ ಹಳದಿಗೆ ತಿರುಗಿದ ಒಂದು ಕಲೆಯಿತ್ತು. ‘ಬಾಗಿಲು ಬಡೀತಣ್ಣ,’ ಅಂದಳು. ಇವರು ರೂಢಿಯಂತೆ ಆ ಕಲೆ ಅಳಿಸಿ, ಚೌಕಟ್ಟು ಹಾಕಿ ಕೊಟ್ಟರು. ಆ ಮನೆಯ ಬಾಗಿಲು ಪದೇ ಪದೇ ಬಡಿಯುತ್ತಿತ್ತು. ನಾವು ನಂಬುತ್ತಲೇ ಹೋದೆವು, ನಂಬಿದರೆ ಸುಲಭವಾಗಿತ್ತು.

ಕೊನೆಗೊಂದು ಬೆಳಗ್ಗೆ ಚಪ್ಪಲಿಯನ್ನೂ ಹಾಕಿಕೊಳ್ಳದೆ ಬಂದು ನನ್ನ ಅಡುಗೆಮನೆಯ ನೆಲದ ಮೇಲೆ ಕೂತಳು. “ಅತ್ತಿಗೆ, ಇನ್ನೊಂದ್ಸಲ ವಾಪಸ್ ಹೋದ್ರೆ ನಾನು ಉಳಿಯಲ್ಲ,” ಅಂದಳು. ಅಳಲಿಲ್ಲ. ಅವಳು ಅತ್ತಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿರಲಿಲ್ಲ, ಅವನು ಮೊದಲು ಹುಡುಕಿಕೊಂಡು ಬರುವುದೇ ಇಲ್ಲಿಗೆ. ದೂರದ ಊರಿನಲ್ಲಿ ಪರದೆ, ಹಾಸಿಗೆ ಚೀಲ ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸ ಹುಡುಕಿದೆವು. ಒಬ್ಬ ವಿಧವೆಯ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ಆ ಊರಿನ ಹೆಸರನ್ನು ನಾವಿಬ್ಬರೂ ಮನೆಯೊಳಗೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ‘ಅಲ್ಲಿ’ ಅನ್ನುತ್ತಿದ್ದೆವು. ‘ಅಲ್ಲಿಂದ ಫೋನ್ ಬಂದಿತ್ತು,’ ‘ಅಲ್ಲಿ ಚಳಿಯಂತೆ.’ ಅವನು ಒಂದೆರಡು ಸಲ ಬಂದು ಕೂಗಾಡಿದ. ನಮಗೇನೂ ಗೊತ್ತಿಲ್ಲ ಎಂದು ಮುಖದ ಮೇಲೆ ಹೊಡೆದಂತೆ ಹೇಳಿ ಕಳಿಸಿದೆವು.

ಒಂದು ವರ್ಷದ ಮೇಲೆ ಗುಬ್ಬಿಗೆ ಹೊಸ ವಿಳಾಸದ ಕಾರ್ಡು ಬಂತು. ಅದಕ್ಕೆ ಫೋಟೊ ತೆಗೆದದ್ದು ಇವರೇ, ಅವಳಿದ್ದಲ್ಲಿಗೇ ಕ್ಯಾಮೆರಾ ಹೊತ್ತುಕೊಂಡು ಹೋಗಿ. ಕಾರ್ಡಿನ ಫೋಟೊದಲ್ಲಿ ನಗಬಾರದು ಎಂಬ ನಿಯಮವಿದೆ. ಅವಳು ತುಟಿ ಬಿಗಿದುಕೊಂಡೇ ಇದ್ದಳು, ಆದರೂ ಕಣ್ಣು ನಗುತ್ತಿತ್ತು. ಕಾರ್ಡು ಕೈಗೆ ಬಂದ ದಿನ ಫೋನ್ ಮಾಡಿ, “ಅತ್ತಿಗೆ, ನನ್ನ ಹೆಸರಿನ ಕೆಳಗೆ ನನ್ನದೇ ಮನೆ ಬಂದಿದೆ!” ಎಂದು ಚಿಕ್ಕ ಹುಡುಗಿಯ ಹಾಗೆ ಕುಣಿದಳು. ಅವಳ ಮನೆ ಅಂದರೆ ಹತ್ತು ಹೆಜ್ಜೆ ಅಗಲದ ಕೋಣೆ, ಒಂದು ಕಿಟಕಿ, ಕಿಟಕಿಯ ಪಕ್ಕ ಹೊಲಿಗೆ ಮೆಷಿನ್ನು. ಅಷ್ಟಕ್ಕೆ ಅಷ್ಟು ಸಂತೋಷ.

ಮನೆಯೊಡತಿಗೂ ಕೆಲಸದ ಕಡೆಗೂ ಕೊಡಲು ಪ್ರತಿ ಬೇಕೆಂದು ಅವಳು ಕಾರ್ಡನ್ನು ಅಣ್ಣನಿಗೇ ಕಳಿಸಿದಳು. ಬೇರೆ ಅಂಗಡಿಯವರನ್ನು ನಂಬಬೇಡ ಎಂದು ಇವರೇ ಹೇಳಿದ್ದರು. ಇವರು ಕೂತು ನಾಜೂಕಾಗಿ ಪಟ್ಟಿ ಕತ್ತರಿಸಿ, ನಂಬರಿನ ಒಂದು ಅಂಕಿಯ ತುದಿಯೂ ಕಾಣದಂತೆ ಇಟ್ಟು, ಬಣ್ಣದ ಪ್ರತಿಗಳನ್ನು ತೆಗೆದರು. ಒಂದು ಹೆಚ್ಚಾಯಿತು.

ನಮ್ಮ ಅಂಗಡಿಯ ಕೌಂಟರಿಗೆ ಗಾಜಿನ ಹೊದಿಕೆಯಿದೆ. ಅದರ ಕೆಳಗೆ ಮಾದರಿಗಳು: ಯಾವ ಅಳತೆಯ ಫೋಟೊ ಹೇಗಿರುತ್ತದೆ, ಯಾವ ಬಣ್ಣದ ಹಿನ್ನೆಲೆ, ಹಳೆಯ ಹರಿದ ಫೋಟೊ ಸರಿಪಡಿಸಿದರೆ ಹೇಗೆ ಕಾಣುತ್ತದೆ. ಅಲ್ಲಿಗೆ ಇನ್ನೊಂದು ಮಾದರಿ ಸೇರಿತು. ‘ನಿಮ್ಮ ನಂಬರ್ ಮುಚ್ಚಿ ಪ್ರತಿ ತೆಗೆದುಕೊಡಲಾಗುವುದು’ ಎಂದು ಮೇಲೆ ದಪ್ಪ ಅಕ್ಷರ, ಕೆಳಗೆ ಗುಬ್ಬಿಯ ಕಾರ್ಡು. ನಂಬರ್ ಇದ್ದ ಜಾಗ ಬೆಳ್ಳಗೆ, ನುಣ್ಣಗೆ. ಪಕ್ಕದಲ್ಲಿ ಅವಳ ಮುಖ. ಮುಖದ ಕೆಳಗೆ ಹೆಸರು. ಹೆಸರಿನ ಕೆಳಗೆ ಮನೆ ಸಂಖ್ಯೆ, ಬೀದಿ, ಊರು.

ಯಾವ ಊರಿನ ಹೆಸರನ್ನು ನಾವು ಅಡುಗೆಮನೆಯಲ್ಲಿ ಉಸಿರು ಬಿಟ್ಟು ಹೇಳುತ್ತಿರಲಿಲ್ಲವೋ ಅದು.

ನನ್ನ ಗಂಡ ದಡ್ಡರಲ್ಲ. ಆದರೆ ಅವರ ಮಟ್ಟಿಗೆ ಮುಚ್ಚಬೇಕಾದ್ದು ಅಂದರೆ ನಂಬರ್. ಎಲ್ಲರೂ ಹೇಳುತ್ತಿದ್ದದ್ದು ಅದನ್ನೇ, ಇವರೂ ಎಲ್ಲರಿಗೂ ಹೇಳುತ್ತಿದ್ದದ್ದು ಅದನ್ನೇ. ನಂಬರ್ ಮುಚ್ಚಿದ ಮೇಲೆ ಉಳಿದದ್ದೆಲ್ಲ ಅವರಿಗೆ ಬರೀ ಫೋಟೊ, ಅದೂ ತಾವು ತೆಗೆದ ಒಳ್ಳೆಯ ಫೋಟೊ. ‘ಕಣ್ಣು ನೋಡು, ಕಣ್ಣು ಹೇಗೆ ಬಂದಿದೆ’ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಮತ್ತೆ ನಾನು? ದಿನಾ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಆ ಗಾಜು ಒರೆಸುತ್ತಿದ್ದವಳು ನಾನೇ. ಅವಳ ಮುಖದ ಮೇಲೆ ಬೆರಳಚ್ಚು ಬಿದ್ದಿದ್ದರೆ ಇನ್ನೊಂದು ಸಲ ತಿಕ್ಕುತ್ತಿದ್ದೆ.

ಗುಬ್ಬಿಯ ಗಂಡ ಮತ್ತೆ ಬಂದದ್ದು ಒಂದು ಮಧ್ಯಾಹ್ನ. ಇವರು ಒಳಗೆ ಒಂದು ಸಂಸಾರದ ಫೋಟೊ ತೆಗೆಯುತ್ತಿದ್ದರು. ಆ ಸಂಸಾರದ ಕೂಸು ಅಳು ನಿಲ್ಲಿಸುತ್ತಿರಲಿಲ್ಲ, ಇವರು ಕೋಳಿಯ ಹಾಗೆ ಕೂಗಿ ಅದನ್ನು ನಗಿಸಲು ನೋಡುತ್ತಿದ್ದರು. ಕೌಂಟರಿನಲ್ಲಿ ನಾನೊಬ್ಬಳೇ. ಅವನನ್ನು ನೋಡಿದ ಕೂಡಲೇ ಎದ್ದು ನಿಂತೆ. ಆದರೆ ಈ ಸಲ ಕೂಗಾಟವಿರಲಿಲ್ಲ. ಸೋತುಹೋದವನ ಹಾಗೆ ಎರಡೂ ಅಂಗೈ ಗಾಜಿನ ಮೇಲೆ ಊರಿ ನಿಂತ.

“ಅಕ್ಕ, ಅವಳೆಲ್ಲಿದ್ದಾಳೆ ಅಂತ ಒಂದು ಮಾತು ಹೇಳಿ ಸಾಕು.”

“ಗೊತ್ತಿದ್ರೆ ತಾನೆ ಹೇಳೋದು? ಅವಳು ನಮ್ಮ ಹತ್ರಾನೂ ಮಾತು ಬಿಟ್ಟು ವರ್ಷವಾಯ್ತು,” ಅಂದೆ.

“ಭಾವನಿಗೂ ಗೊತ್ತಿಲ್ವಾ?”

“ಅವರ ಮುಂದೆ ಅವಳ ಹೆಸರೆತ್ತಬೇಡಿ. ಸತ್ತಿದ್ದಾಳೋ ಬದುಕಿದ್ದಾಳೋ ಅಂತ ಅವರು ಕೊರಗದ ದಿನ ಇಲ್ಲ.”

ಇಷ್ಟು ಹೇಳಿ ಸೆರಗಿನಿಂದ ಕಣ್ಣು ಒತ್ತಿಕೊಂಡೆ. ನಾಟಕದವರು ನನ್ನನ್ನು ನೋಡಿದ್ದರೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಅವನು ತಲೆ ತಗ್ಗಿಸಿದ. ನಾಚಿಕೆಯಿಂದ ತಗ್ಗಿಸಿದ ಅಂದುಕೊಂಡೆ. ತಗ್ಗಿಸಿದ ತಲೆ ಎತ್ತಲೇ ಇಲ್ಲ.

“ಸ್ವಲ್ಪ ನೀರು ಕೊಡ್ತೀರಾ ಅಕ್ಕ?” ಅಂದ, ಗಾಜನ್ನೇ ನೋಡುತ್ತಾ.

ಕೊಡುವುದಿಲ್ಲ ಅನ್ನಬಹುದಿತ್ತು. ಗೆದ್ದವರಿಗೆ ಒಂದು ಲೋಟ ನೀರು ಕೊಡುವುದು ಭಾರವಲ್ಲ ನೋಡಿ, ಒಳಗೆ ಹೋದೆ. ಬಂದಾಗ ಅವನು ಫೋನನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ. ಪೂರ್ತಿ ಲೋಟ ಕುಡಿದ. “ಬರ್ತೀನಿ ಅಕ್ಕ. ಭಾವನಿಗೆ ಹೇಳಿ, ಫೋಟೊ ಚೆನ್ನಾಗಿ ತೆಗೀತಾರೆ,” ಎಂದು ಹೋದ.

ಅವನಿಗೆ ಬುದ್ಧಿ ಬಂತು ಅಂದುಕೊಂಡೆ. ಕೂಸಿನ ಸಂಸಾರ ಹೋದ ಮೇಲೆ ಇವರಿಗೆ ನಡೆದದ್ದನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಹೇಳಿದೆ. “ಭೇಷ್!” ಎಂದು ಬೆನ್ನು ತಟ್ಟಿದರು. ಗುಬ್ಬಿಗೆ ತಿಳಿಸೋಣವೇ ಎಂದು ಕೇಳಿದ್ದಕ್ಕೆ, “ಅವಳನ್ನ ಯಾಕೆ ಸುಮ್ನೆ ಹೆದರಿಸ್ತೀಯ? ಈಗಷ್ಟೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದಾಳೆ,” ಅಂದರು. ನನಗೂ ಸರಿ ಅನ್ನಿಸಿತು. ಒಂದು ಫೋನ್ ಮಾಡಿದ್ದರೆ ಅವಳು ಎಚ್ಚರವಾಗಿರುತ್ತಿದ್ದಳೋ ಏನೋ.

ಫೋನ್ ಅಲ್ಲಿಂದಲೇ ಬಂತು, ಆ ವಾರವೇ, ಆಸ್ಪತ್ರೆಯಿಂದ. ಗುಬ್ಬಿ ಕೆಲಸ ಮುಗಿಸಿ ಬ್ರೆಡ್ಡು ಹಿಡಿದುಕೊಂಡು ಬರುವಾಗ ಅವನು ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದನಂತೆ. ಜುಟ್ಟು ಹಿಡಿದು ಎಳೆದನಂತೆ. ಮನೆಯೊಡತಿ ಕಿರುಚಿಕೊಂಡು ಬೀದಿಯ ಜನರನ್ನು ಸೇರಿಸಿದ್ದರಿಂದ ಜೀವ ಉಳಿಯಿತು. ಎಡಗೈ ಎರಡು ಕಡೆ ಮುರಿದಿತ್ತು. ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸುವ ಕೈ ಅದು.

ಇವರು ಫೋನಿನ ಧ್ವನಿ ದೊಡ್ಡದು ಮಾಡಿದ್ದರು, ನಾನು ಪಕ್ಕದಲ್ಲಿದ್ದೆ.

“ಅಯ್ಯೋ ಗುಬ್ಬಿ, ಅವನಿಗೆ ಹೇಗೆ ಗೊತ್ತಾಯ್ತಮ್ಮ? ನಾವು ಯಾರಿಗೂ ಬಾಯಿ ಬಿಟ್ಟಿಲ್ಲ, ನಿನ್ನಾಣೆ!”

“ಅವನೇ ಹೇಳಿದ ಅಣ್ಣ. ‘ನಿಮ್ಮಣ್ಣ ಅಂಗಡೀಲಿ ಗಾಜು ಹಾಕಿ ಇಟ್ಟಿದ್ದಾನೆ, ನಾನ್ಯಾಕೆ ಹುಡುಕ್ಲಿ’ ಅಂತ.”

ನಾವಿಬ್ಬರೂ ಒಟ್ಟಿಗೇ ಕೌಂಟರಿನ ಕಡೆ ತಿರುಗಿದೆವು. ಅಲ್ಲಿಗೆ ಹೋಗಿ ನೋಡಬೇಕಾಗಿರಲಿಲ್ಲ. ಆ ಕಾಗದದಲ್ಲಿ ಏನೇನಿದೆ ಎಂದು ಆ ಕ್ಷಣಕ್ಕೆ ಇಬ್ಬರಿಗೂ ಬಾಯಿಪಾಠವಾಗಿತ್ತು.

“ನಂಬರ್ ಮುಚ್ಚಿದ್ದೆನಲ್ಲ...” ಅಂದರು ಇವರು. ಯಾರಿಗೆ ಅಂದರೋ ಗೊತ್ತಿಲ್ಲ.

“ನನ್ನ ನಂಬರ್ ಯಾರಿಗೆ ಬೇಕಾಗಿತ್ತು ಅಣ್ಣ?” ಅಂದಳು ಗುಬ್ಬಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಇವರಿಗೆ ಅನುಕೂಲವಾಗುತ್ತಿತ್ತು. “ನಿಮ್ಮ ಮೇಲೆ ನಂಗೆ ಕೋಪ ಇಲ್ಲ. ಇಲ್ಲೊಬ್ಬರು ಮೇಡಮ್ಮು ಹೆಂಗಸರಿಗೆ ಅಂತಲೇ ಇರೋ ಒಂದು ಕಡೆ ಕಳಿಸ್ತೀನಿ ಅಂದಿದ್ದಾರೆ. ಎಲ್ಲಿ ಅಂತ ಕೇಳಬೇಡಿ. ನಿಮಗೂ ಹೇಳಲ್ಲ, ಅತ್ತಿಗೇಗೂ ಹೇಳಲ್ಲ.”

ನಾನು ಫೋನ್ ಕಿತ್ತುಕೊಂಡು, “ನಾನೇನು ಮಾಡಿದೆನೇ?” ಅಂದುಬಿಟ್ಟೆ. ಎಂಥ ಮಾತು! ಆ ಹೊತ್ತಿಗೇ ಅವಳು ಫೋನ್ ಇಟ್ಟಳು. ಕೇಳಿಸಿಕೊಂಡಳೋ ಇಲ್ಲವೋ, ಕೇಳಿಸದೇ ಇರಲಿ ಎಂದು ಈಗಲೂ ಬೇಡಿಕೊಳ್ಳುತ್ತೇನೆ.

ಇವರು ಗಾಜು ಎತ್ತಿದರು. ನಾನು ದಿನಾ ಒರೆಸಿದ ನೀರು ಅಂಚಿನಿಂದ ಇಳಿದು ಕಾಗದ ಗಾಜಿಗೆ ಅಂಟಿಕೊಂಡಿತ್ತು. ಎಳೆದರೆ ಮುಖ ಕಾಗದದ ಜೊತೆ ಬಂತು, ವಿಳಾಸದ ಸಾಲುಗಳು ಗಾಜಿನಲ್ಲೇ ಉಳಿದವು. ಇವರು ಬ್ಲೇಡು ತಂದು ಒಂದೊಂದೇ ಅಕ್ಷರ ಕೆರೆದರು. ನನಗೆ ರೇಗಿತು. “ಈಗ ಕೆರೆದು ಏನು ಬಂತು? ಊರಿಗೆಲ್ಲ ಬುದ್ಧಿ ಹೇಳೋರು ನೀವು! ಅವಳ ಕಣ್ಣಿನ ಕೆಳಗಿನ ಕಲೇನೂ ಹೀಗೇ ಅಳಿಸಿದ್ರಿ!” ಎಂದು ಕೂಗಿದೆ. ಅವರು ತಲೆ ಎತ್ತಲಿಲ್ಲ, ಕೆರೆಯುತ್ತಲೇ ಇದ್ದರು. ಆ ಮಾತು ಆಡಬಾರದಿತ್ತು. ಸುಳ್ಳಾಗಿದ್ದರೆ ವಾಪಸ್ ತೆಗೆದುಕೊಳ್ಳುತ್ತಿದ್ದೆ.

ಅವನು ಕೆಲವು ದಿನ ಠಾಣೆಯಲ್ಲಿದ್ದು ಹೊರಗೆ ಬಂದನಂತೆ. ಆಮೇಲೆ ನಮ್ಮ ಬೀದಿಗೆ ಬರಲಿಲ್ಲ. ಇಲ್ಲಿ ಅವನಿಗೆ ಇನ್ನೇನು ಸಿಗುತ್ತಿತ್ತು?

ಇವರ ಉಪನ್ಯಾಸ ಆವತ್ತಿಗೇ ನಿಂತಿತು. ಪ್ರತಿ ತೆಗೆಸಲು ಬಂದವರು ಕಾರ್ಡು ಚಾಚಿದರೆ ಈಗ ಒಂದೇ ಒಂದು ಮಾತು ಕೇಳುತ್ತಾರೆ: “ಯಾರಿಗೆ ಏನು ಗೊತ್ತಾಗಬಾರದು?” ಬಹಳ ಜನಕ್ಕೆ ಅರ್ಥವಾಗುವುದಿಲ್ಲ, ‘ಇದೇನು ಸಾರ್ ಒಗಟು’ ಎಂದು ನಗುತ್ತಾರೆ. ಆದರೆ ಆಗೊಮ್ಮೆ ಈಗೊಮ್ಮೆ ಯಾರಾದರೂ ಹೆಣ್ಣುಮಗಳು ಬೀದಿಯ ಕಡೆ ನೋಡಿ, ಮೆಲ್ಲಗೆ ವಿಳಾಸದ ಮೇಲೆ ಬೆರಳಿಡುತ್ತಾಳೆ. ಹೆಚ್ಚಾದ ಪ್ರತಿಯನ್ನು ಇವರು ಬಂದವರ ಕಣ್ಣೆದುರೇ ಚೂರುಚೂರು ಮಾಡುತ್ತಾರೆ. ಗಾಜಿನ ಕೆಳಗೆ ಈಗ ಏನೂ ಇಲ್ಲ.

ಗುಬ್ಬಿಯಿಂದ ಸುದ್ದಿಯಿಲ್ಲದೆ ಎರಡು ಬೇಸಿಗೆ ಕಳೆಯಿತು. ಮೊನ್ನೆ ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಇವರ ಫೋನಿಗೆ ಒಂದು ಫೋಟೊ ಬಂತು. ಹೊಸ ಗುರುತಿನ ಕಾರ್ಡು. ನಂಬರಿನ ಮೇಲೆ ಕಪ್ಪು, ಹೆಸರಿನ ಮೇಲೆ ಕಪ್ಪು, ವಿಳಾಸದ ಮೇಲೆ ಕಪ್ಪು. ಉಳಿದದ್ದು ಮುಖವೊಂದೇ. ಕೆಳಗೆ ಬರೆದಿದ್ದಳು: ‘ಹೊಸ ಕಾರ್ಡು ಬಂತು. ಕೈ ಸರಿಹೋಗಿದೆ, ಹೊಲೀತಿದ್ದೀನಿ. ಫೋಟೊ ನಿಮ್ಮಷ್ಟು ಚೆನ್ನಾಗಿ ತೆಗೆದಿಲ್ಲ ಅಣ್ಣ.’

ನಿಜ, ಚೆನ್ನಾಗಿರಲಿಲ್ಲ. ಯಾರೋ ಅವಸರದಲ್ಲಿ ತೆಗೆದದ್ದು, ಮುಖದ ಅರ್ಧಕ್ಕೆ ನೆರಳು ಬಿದ್ದಿತ್ತು. ಕೆನ್ನೆ ಇಳಿದಿತ್ತು. ಕಣ್ಣು ನಗುತ್ತಿರಲಿಲ್ಲ. ಆದರೂ ನಮ್ಮ ಗುಬ್ಬಿ, ನಾನು ಜಡೆ ಹೆಣೆದ ಗುಬ್ಬಿ, ಬದುಕಿದ್ದಳು. ನಾನು ಬಿಕ್ಕಿ ಬಿಕ್ಕಿ ಅತ್ತೆ.

ಇವರು ಚಹಾ ಬಿಟ್ಟೆದ್ದು ಹೋಗಿ ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರು. ನಾನೂ ಹಿಂದೆಯೇ ಹೋದೆ. ದೊಡ್ಡದಾದಾಗ ಕಂಡಿತು, ಅವಳು ಬಳಿದಿದ್ದದ್ದು ಮಾರ್ಕರ್ ಪೆನ್ನಿನ ಇಂಕು. ವಿಳಾಸದ ಜಾಗದಲ್ಲಿ ಕಪ್ಪಿನೊಳಗೆ ಇನ್ನೂ ಕಪ್ಪಾದ ಗೆರೆಗಳು ಮಿಸುಕಾಡಿದ ಹಾಗಿತ್ತು. ದಲ್ಲಾಳಿಯ ಕಾರ್ಡು ನನಗೆ ನೆನಪಿತ್ತು. ಬೆಳಕನ್ನು ಒಂದಿಷ್ಟು ಏರಿಸಿದರೆ ಸಾಕು.

“ರೀ,” ಅಂದೆ. “ಬೀದಿ ಬೇಡ, ಮನೆ ನಂಬರ್ ಬೇಡ. ಊರಿನ ಹೆಸರೊಂದನ್ನ ನೋಡಿ. ಹೋಗೋದೇನೂ ಬೇಡ. ಯಾವ ದಿಕ್ಕಿಗಿದ್ದಾಳೆ ಅಂತ ಗೊತ್ತಾದ್ರೆ ಸಾಕು ನಂಗೆ.”

ಇವರ ಕೈ ಮೌಸಿನ ಮೇಲಿತ್ತು. ಆ ಬೆರಳುಗಳ ಚುರುಕು ನನಗೆ ಗೊತ್ತು, ಕಣ್ಣು ಮುಚ್ಚಿಕೊಂಡು ಬೇಕಾದರೂ ಮಾಡುವ ಕೆಲಸ. ಕೈ ಅಲ್ಲಾಡಲಿಲ್ಲ.

“ಅವಳು ಹೇಳಲ್ಲ ಅಂದಿದ್ದಾಳೆ,” ಅಂದರು.

“ನಾವೇನು ಬೇರೆಯವರಾ?”

“ಹೋದ ಸಲ ಬೇರೆಯವರಿಗೆ ತೋರಿಸಿದ್ದು ಯಾರು?”

ಇವರು ಪರದೆಯ ಮೇಲಿದ್ದ ಫೋಟೊವನ್ನು ಅಳಿಸಿದರು, ಅಳಿಸಿದ್ದು ಹೋಗಿ ಕೂರುವ ಜಾಗದಿಂದಲೂ ತೆಗೆದುಹಾಕಿದರು. ಆಮೇಲೆ ಫೋನ್ ಹಿಡಿದು ಒಂದೊಂದೇ ಅಕ್ಷರ ಒತ್ತಿ ಬರೆದರು. ನಾನು ಅವರ ಭುಜದ ಮೇಲಿಂದ ಓದಿದೆ.

‘ಇಂಕು ಬಳಿದರೆ ಸಾಲದು ಪುಟ್ಟ, ಬೆಳಕು ಏರಿಸಿದರೆ ಕಾಣುತ್ತದೆ. ನಾನು ನೋಡಿಲ್ಲ. ಇದನ್ನು ನಮ್ಮ ಎರಡೂ ಫೋನಿನಿಂದ ಈಗಲೇ ಅಳಿಸು. ಇನ್ನು ಮೇಲೆ ದಪ್ಪ ಕಾಗದ ಇಟ್ಟು ಫೋಟೊ ತೆಗಿ. ಯಾರಿಗೂ ಕಳಿಸಬೇಡ, ನನಗೂ.’

ಕಳಿಸಿ ಇಬ್ಬರೂ ಫೋನನ್ನೇ ನೋಡುತ್ತಾ ಕೂತೆವು. ಅವಳು ಓದಿದ ಗುರುತು ಬಿತ್ತು. ಏನೋ ಬರೆಯುತ್ತಿದ್ದಾಳೆಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು, ಮತ್ತೆ ನಿಂತಿತು. ಮಾತೇನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಫೋಟೊ ಇದ್ದ ಜಾಗ ಖಾಲಿಯಾಯಿತು. ಅಣ್ಣ ಹೇಳಿದ ಹಾಗೇ ಅಳಿಸಿದ್ದಳು. ಚಿಕ್ಕಂದಿನಿಂದಲೂ ಹಾಗೇ, ಅಣ್ಣನ ಮಾತು ಮೀರಿದವಳಲ್ಲ.

“ಮುಖವೊಂದನ್ನ ಕತ್ತರಿಸಿ ಇಟ್ಕೊಂಡಿದ್ರೆ ಆಗ್ತಿತ್ತಲ್ಲ ರೀ,” ಅಂದೆ.

ಹೊರಗೆ ಯಾರೋ ಕಾರ್ಡು ಹಿಡಿದುಕೊಂಡು ಕೌಂಟರಿನ ಗಾಜು ತಟ್ಟುತ್ತಿದ್ದರು. ಇವರು ಕಣ್ಣು ಒರೆಸಿಕೊಂಡು ಎದ್ದು ಹೋದರು. ಬಂದವರನ್ನು ಅವರು ಎಂದಿನಂತೆಯೇ, “ಯಾರಿಗೆ ಏನು ಗೊತ್ತಾಗಬಾರದು?” ಎಂದು ಕೇಳಿದ್ದು ನನಗೆ ಒಳಗೆ ಕೇಳಿಸಿತು.